ಅಮ್ಮ ಸಿಕ್ಕಳು, ಕಥೆ ಕಳೆದುಹೋಯಿತು

ಹಿಂದಿ ಸಿನಿಮಾದವರಿಗೆ ಸ್ವಂತ ಕಥೆಯೇ ಇಲ್ಲ, ಎಲ್ಲ ಕದ್ದದ್ದು ಎಂದು ಗೊಣಗುವವರು ಮೊದಲು ಸುಪ್ರೀಂ ಕೋರ್ಟಿನ 1978ರ ತೀರ್ಪೊಂದನ್ನು ಓದಿಕೊಳ್ಳಬೇಕು. ದಿಲ್ಲಿಯ ಆರ್.ಜಿ. ಆನಂದ್ ಎಂಬುವರು 'ಹಮ್ ಹಿಂದೂಸ್ತಾನಿ' ಅಂತ ಒಂದು ನಾಟಕ ಬರೆದು ಆಡಿಸಿದ್ದರು. ಒಂದು ಪಂಜಾಬಿ ಮನೆ, ಒಂದು ಮದ್ರಾಸಿ ಮನೆ, ನಡುವೆ ಪ್ರೀತಿ, ಸುತ್ತ ಹಿರಿಯರ ಕೂಗಾಟ. ನಾಟಕವನ್ನು ನಿರ್ದೇಶಕ ಮೋಹನ್ ಸೆಹಗಲ್ ಅವರಿಗೂ ಓದಿ ಹೇಳಿದ್ದರು. 1956ರಲ್ಲಿ ಸೆಹಗಲ್ ಅವರ 'ನ್ಯೂ ಡೆಲ್ಲಿ' ತೆರೆಗೆ ಬಂತು: ಪಂಜಾಬಿ ಹುಡುಗ ಕಿಶೋರ್ ಕುಮಾರ್, ಮದ್ರಾಸಿ ಹುಡುಗಿ ವೈಜಯಂತಿಮಾಲಾ. ಆನಂದ್ ಕೋರ್ಟಿನ ಮೆಟ್ಟಿಲು ಹತ್ತಿದರು. ಕೆಳಗಿನ ಕೋರ್ಟು, ಹೈಕೋರ್ಟು ದಾಟಿ ಮೇಲಿನ ತೀರ್ಪು ಬರುವಷ್ಟರಲ್ಲಿ ಚಿತ್ರ ಬಂದು 22 ವರ್ಷವಾಗಿತ್ತು. ಹಿಂದಿ ಪಿಕ್ಚರಿನಲ್ಲಾದರೆ ಅಷ್ಟು ಹೊತ್ತಿಗೆ ತೊಟ್ಟಿಲ ಕೂಸು ಇನ್ಸ್‌ಪೆಕ್ಟರ್ ಆಗಿ, ತನ್ನ ಸ್ವಂತ ಅಣ್ಣನಿಗೇ ಕೋಳ ತೊಡಿಸಿರುತ್ತದೆ.

ನ್ಯಾಯಾಲಯ ಹೇಳಿದ್ದು ಇಷ್ಟು: ಕಲ್ಪನೆ, ವಸ್ತು, ಕಥೆಯ ಎಳೆ ಇವು ಯಾರೊಬ್ಬರ ಸೊತ್ತೂ ಅಲ್ಲ, ಹಕ್ಕು ಇರುವುದು ಅದನ್ನು ಹೇಳಿದ ರೀತಿಗೆ. ಆನಂದ್ ಸೋತರು. ಬೊಂಬಾಯಿ ಗೆದ್ದಿತು. ಪಂಜಾಬಿ-ಮದ್ರಾಸಿ ಪ್ರೇಮಕ್ಕೆ ಅಂದಿನಿಂದ ತಡೆಯೇ ಇಲ್ಲ. 1981ರಲ್ಲಿ 'ಏಕ್ ದೂಜೇ ಕೇ ಲಿಯೇ', 2013ರಲ್ಲಿ 'ಚೆನ್ನೈ ಎಕ್ಸ್‌ಪ್ರೆಸ್', 2014ರಲ್ಲಿ 'ಟೂ ಸ್ಟೇಟ್ಸ್', 2025ರಲ್ಲಿ ಹುಡುಗಿಯನ್ನು ಸ್ವಲ್ಪ ಪಶ್ಚಿಮಕ್ಕೆ, ಕೇರಳಕ್ಕೆ, ಸರಿಸಿ 'ಪರಮ್ ಸುಂದರಿ'. ವಿಂಧ್ಯದಿಂದ ಕೆಳಗೆ ಎಷ್ಟು ಭಾಷೆ, ಎಷ್ಟು ಅಡುಗೆ, ಎಷ್ಟು ಜಗಳ ಇದೆ ಎಂಬುದು ಹಿಂದಿ ಹೀರೊಗೆ ಪ್ರತಿ ಸಲವೂ ಮೊದಲಿನಿಂದ ಗೊತ್ತಾಗಬೇಕು. ಕನ್ನಡದ ಹುಡುಗಿಗೆ ಮಾತ್ರ ಇನ್ನೂ ಈ ಭಾಗ್ಯ ಸರಿಯಾಗಿ ಒದಗಿಲ್ಲ. ಅದಕ್ಕೆ ನಾವು ಬೇಸರ ಮಾಡಿಕೊಳ್ಳಬೇಕಾಗಿಲ್ಲ.

ಆ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ನಕಲು ಹೌದೋ ಅಲ್ಲವೋ ತಿಳಿಯಲು ಒಂದು ಪರೀಕ್ಷೆ: ಎರಡನ್ನೂ ನೋಡಿದವನಿಗೆ, ಇದು ಅದರದೇ ಪಡಿಯಚ್ಚು ಅಂತ ಅನುಮಾನಕ್ಕೆಡೆಯಿಲ್ಲದಂತೆ ಅನಿಸಬೇಕು. ಎರಡನ್ನೂ ನೋಡಿದವನು! ಹಿಂದಿ ಚಿತ್ರರಂಗದ ಅರ್ಧ ಶತಮಾನದ ಸ್ವಂತಿಕೆ ನಿಂತಿದ್ದದ್ದು ಇದೊಂದು ಷರತ್ತಿನ ಮೇಲೆ. ಬೊಂಬಾಯಿಯ ಒಂದೆರಡು ಇಂಗ್ಲಿಷ್ ಟಾಕೀಸಿನಲ್ಲಿ ನಾಲ್ಕು ವಾರ ಓಡಿ ಹೋದ ಪಿಕ್ಚರನ್ನು ಗೋರಖ್‌ಪುರದವನು ನೋಡಿರುವುದು ಎಲ್ಲಿ ಬಂತು? ಅವನ ಪಾಲಿಗೆ 1956ರ 'ಚೋರಿ ಚೋರಿ' ಅಪ್ಪಟ ಹೊಸದು. ಅದು 1934ರ 'ಇಟ್ ಹ್ಯಾಪನ್ಡ್ ಒನ್ ನೈಟ್' ಎಂದು ಅವನ ಕಿವಿಯಲ್ಲಿ ಊದುವವರು ಯಾರೂ ಇರಲಿಲ್ಲ. ಅದೇ ಹುಡುಗಿ 1991ರಲ್ಲಿ ಇನ್ನೊಮ್ಮೆ ಮನೆಬಿಟ್ಟು ಓಡಿ, ಅದೇ ಪತ್ರಕರ್ತನ ಜೊತೆ ಬಸ್ಸು ಹತ್ತಿದಳು. ಆ ಹೊತ್ತಿಗೆ ಅದಕ್ಕೆ 'ದಿಲ್ ಹೈ ಕಿ ಮಾನತಾ ನಹೀಂ' ಅಂತ ಹೆಸರಾಗಿತ್ತು.

ಇದರಲ್ಲಿ ನನಗೆ ಅತ್ಯಂತ ಮೆಚ್ಚಿಗೆಯಾದದ್ದು 1995-96ರ ಸಾಲು. ಗಂಡನ ಹಿಂಸೆ ತಾಳಲಾರದೆ ಸತ್ತಂತೆ ನಟಿಸಿ ಓಡಿಹೋಗುವ ಹೆಂಡತಿಯ ಕಥೆ, ಜೂಲಿಯಾ ರಾಬರ್ಟ್ಸ್ ನಟಿಸಿದ 'ಸ್ಲೀಪಿಂಗ್ ವಿತ್ ದ ಎನಿಮಿ', 1991ರಲ್ಲಿ ಬಂದಿತ್ತು. ಹೆಚ್ಚುಕಡಿಮೆ ಒಂದೇ ಸಮಯದಲ್ಲಿ ಮೂವರು ಹಿಂದಿ ನಿರ್ದೇಶಕರ ತಲೆಯಲ್ಲಿ ಈ ಕಥೆ ಸ್ವತಂತ್ರವಾಗಿ ಮೊಳೆಯಿತು: 'ಯಾರಾನಾ', 'ಅಗ್ನಿ ಸಾಕ್ಷಿ', 'ದರಾರ್'. ಮಾಧುರಿ ಓಡಿದರು, ಮನೀಷಾ ಓಡಿದರು, ಜೂಹಿ ಓಡಿದರು. ಈ ಮೂವರಲ್ಲಿ ಇಬ್ಬರನ್ನು ಎದುರುಗೊಂಡು ಕಾಪಾಡಿದವರು ರಿಷಿ ಕಪೂರ್ ಒಬ್ಬರೇ. ಎರಡನೆಯ ಚಿತ್ರದಲ್ಲಿ ಆ ಮನುಷ್ಯನಿಗೆ ಒಂದಿಷ್ಟಾದರೂ ಅನುಮಾನ ಬರಬಾರದಿತ್ತೆ, ಈ ಹೆಂಗಸಿನ ಗಂಡ ಬದುಕಿದ್ದಾನೆ ಅಂತ?

ಇರಲಿ. ಹೊರಗಿನಿಂದ ತಂದದ್ದು ಹೊಟ್ಟೆಪಾಡಿನ ವ್ಯವಹಾರ. ಹಿಂದಿ ಸಿನಿಮಾ ತಾನೇ ಹೆತ್ತು ತಾನೇ ಸಾಕಿದ ಕಥೆಗಳನ್ನು ನೋಡಬೇಕು. ಅದರಲ್ಲಿ ಹಿರಿಯದು, ಮಕ್ಕಳು ಕಳೆದುಹೋಗುವ ಕಥೆ. 1943ರ 'ಕಿಸ್ಮತ್' ಅದರ ಮೂಲಪುರುಷ. ಅಶೋಕ್ ಕುಮಾರ್ ಜೇಬುಗಳ್ಳ, ಚಿಕ್ಕಂದಿನಲ್ಲೇ ಮನೆಬಿಟ್ಟು ಹೋದ ಮಗ, ಕೊನೆಗೆ ಅಪ್ಪನಿಗೆ ಸಿಗುತ್ತಾನೆ. ಕಲಕತ್ತೆಯ ರಾಕ್ಸಿ ಟಾಕೀಸಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಕಾಲ ಓಡಿತು. ಒಬ್ಬ ಮಗ ಕಳೆದುಹೋದರೆ ಮೂರು ವರ್ಷ ಓಡುವುದಾದರೆ ಮೂವರು ಕಳೆದುಹೋದರೆ? 1965ರಲ್ಲಿ ಯಶ್ ಚೋಪ್ರಾ 'ವಕ್ತ್'ನಲ್ಲಿ ಭೂಕಂಪ ಮಾಡಿಸಿ ಮೂವರನ್ನು ಚದುರಿಸಿದರು. 1973ರ 'ಯಾದೋಂ ಕೀ ಬಾರಾತ್'ನಲ್ಲಿ ಮತ್ತೆ ಮೂವರು. ಅವರು ಒಬ್ಬರನ್ನೊಬ್ಬರು ಗುರುತಿಸಿದ್ದು ಚಿಕ್ಕಂದಿನಲ್ಲಿ ಕಲಿತ ಹಾಡಿನಿಂದ. ಮನೆಯಲ್ಲಿ ಮಕ್ಕಳಿಗೆ ಸಂಗೀತ ಕಲಿಸಬೇಕು ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಕಾರಣವನ್ನು ಯಾವ ಸಂಗೀತ ಶಾಲೆಯೂ ಕೊಟ್ಟಿಲ್ಲ.

ಆಮೇಲೆ ಮನಮೋಹನ್ ದೇಸಾಯಿ ಬಂದರು. 1977, 'ಅಮರ್ ಅಕ್ಬರ್ ಆಂಥೊನಿ'. ಆಗಸ್ಟ್ 15ರಂದು, ಉದ್ಯಾನದಲ್ಲಿ, ಗಾಂಧಿ ಪ್ರತಿಮೆಯ ಕೆಳಗೆ ಅಪ್ಪ ಮೂವರು ಮಕ್ಕಳನ್ನು ಕೂರಿಸಿ ಹೋಗುತ್ತಾನೆ. ಒಬ್ಬ ಹಿಂದೂ ಮನೆಗೆ, ಒಬ್ಬ ಮುಸ್ಲಿಂ ಮನೆಗೆ, ಒಬ್ಬ ಪಾದ್ರಿಯ ಬಳಿಗೆ. ವರ್ಷಗಳಾದ ಮೇಲೆ, ಕಣ್ಣು ಕಳೆದುಕೊಂಡ ತಾಯಿಗೆ ಅಪಘಾತವಾಗಿ ರಕ್ತ ಬೇಕಾಗುತ್ತದೆ. ಪಕ್ಕಪಕ್ಕದ ಮೂರು ಮಂಚದ ಮೇಲೆ ಮೂವರು, ಮೂರು ಕೊಳವೆ, ನಡುವೆ ಒಂದು ಬಾಟಲಿ. ರಕ್ತ ಕೆಳಗಿನಿಂದ ಮೇಲಕ್ಕೆ ಹತ್ತಿ, ಅಲ್ಲಿ ಕೂಡಿ, ತಾಯಿಯ ಮೈಗೆ ಇಳಿಯುತ್ತದೆ. ನ್ಯೂಟನ್ನನಿಗೂ ವೈದ್ಯಶಾಸ್ತ್ರಕ್ಕೂ ಒಂದೇ ಏಟಿಗೆ ಅವಮಾನ. ಚಿತ್ರದ ಹೆಸರು ತೆರೆಯ ಮೇಲೆ ಮೂಡುವುದೂ ಇದೇ ದೃಶ್ಯದ ಮೇಲೆ. ನಕ್ಕುಬಿಡಿ, ಅಡ್ಡಿಯಿಲ್ಲ; ಆ ಪಿಕ್ಚರೇ ನಮ್ಮನ್ನು ನಗಲು ಕರೆಯುತ್ತದೆ. ಆದರೆ ಆ ಕೊಳವೆಗಳಲ್ಲಿ ಹರಿದದ್ದು ಬರೀ ಬಣ್ಣದ ನೀರಲ್ಲ. ಸ್ವಾತಂತ್ರ್ಯದ ದಿನವೇ ಮನೆ ಒಡೆದು, ಮಕ್ಕಳು ಒಬ್ಬೊಬ್ಬರು ಒಂದೊಂದು ಧರ್ಮಕ್ಕೆ ಹಂಚಿಹೋದದ್ದು ಟಾಕೀಸಿನಲ್ಲಿ ಕೂತ ಎಷ್ಟೋ ಜನರ ಸ್ವಂತ ಕಥೆಯಾಗಿತ್ತು. 'ವಕ್ತ್' ತೆಗೆದ ಚೋಪ್ರಾ ಕುಟುಂಬವೇ ಪಂಜಾಬಿನ ಆ ಕಡೆಯ ನಂಟು ಬಿಟ್ಟು ಬಂದದ್ದು. ಕಿಸ್ಮತ್ ವಿಭಜನೆಗಿಂತ ನಾಲ್ಕು ವರ್ಷ ಮೊದಲೇ ಬಂದಿತ್ತು, ನಿಜ. ಮುಂದೆ ಬೇಕಾಗುವ ಕಥೆಯನ್ನು ಜನ ಮೊದಲೇ ಅಭ್ಯಾಸ ಮಾಡಿಕೊಂಡಿದ್ದರು ಅಂತ ಇಟ್ಟುಕೊಳ್ಳಿ.

ಈ ಕಥೆಯನ್ನು ಕೊಂದದ್ದು ವಿಮರ್ಶಕರಲ್ಲ, ಆಧಾರ್ ಕಾರ್ಡು. ಹೆಬ್ಬೆರಳು ಒತ್ತಿದರೆ ಊರು, ಕೇರಿ, ಪಿನ್‌ಕೋಡು ಬರುವ ಕಾಲದಲ್ಲಿ ಕಳೆದುಹೋಗುವುದು ಅಷ್ಟು ಸುಲಭವೇ? 2015ರ 'ಬಜರಂಗಿ ಭಾಯಿಜಾನ್'ನಲ್ಲಿ ಒಂದು ಮಗು ಕಳೆದುಹೋಗಬೇಕಾಯಿತು. ಅದಕ್ಕೆ ಆ ಮಗುವನ್ನು ಪಾಕಿಸ್ತಾನದಲ್ಲಿ ಹುಟ್ಟಿಸಿ, ರೈಲಿನಿಂದ ಇಳಿಸಿ, ಗಡಿ ದಾಟಿಸಿ, ಸಾಲದ್ದಕ್ಕೆ ಮಾತೂ ಬರದಂತೆ ಮಾಡಬೇಕಾಯಿತು. ಎಷ್ಟು ಕಷ್ಟಪಟ್ಟಿದ್ದಾರೆ ನೋಡಿ. ಆ ಕಷ್ಟದಲ್ಲಿಯೇ ಒಂದು ಹೊಸ ಕಥೆ ಸಿಕ್ಕಿತು ಎನ್ನುವುದು ಬೇರೆ ಮಾತು.

ಕಳೆದುಹೋದ ಮಕ್ಕಳ ತಾಯಿ ಸಾಮಾನ್ಯವಾಗಿ ನಿರೂಪಾ ರಾಯ್. ಅವರು 1931ರಲ್ಲಿ ಹುಟ್ಟಿದವರು, ಅವರ ಮಗನಾಗುತ್ತಿದ್ದ ಅಮಿತಾಭ್ 1942ರಲ್ಲಿ. ಹನ್ನೊಂದು ವರ್ಷಕ್ಕೆ ಹೆತ್ತ ಈ ಪವಾಡ ಹೋಗಲಿ, ಇದಕ್ಕಿಂತ ದೊಡ್ಡದು ಬೇರೆ ಇದೆ. 1976ರ 'ಕಭಿ ಕಭೀ'ಯಲ್ಲಿ ಅಮಿತಾಭ್‌ಗೆ ಪ್ರೇಯಸಿ ರಾಖಿ, ಹೆಂಡತಿ ವಹೀದಾ ರೆಹಮಾನ್. ಎರಡೇ ವರ್ಷದಲ್ಲಿ, 'ತ್ರಿಶೂಲ್'ನಲ್ಲಿ, ವಹೀದಾ ಅವನ ತಾಯಿ. 1982ರ 'ಶಕ್ತಿ'ಯಲ್ಲಿ ರಾಖಿಯೂ ತಾಯಿ. ಆರು ವರ್ಷದಲ್ಲಿ ಪ್ರೇಯಸಿ, ಹೆಂಡತಿ ಇಬ್ಬರೂ ತಾಯಂದಿರಾದರು. ಅವನು ಮಾತ್ರ ಇದ್ದಲ್ಲೇ ಇದ್ದ, ಹೆಸರೂ ಬದಲಾಗದೆ. ಜಂಜೀರ್, ದೀವಾರ್, ತ್ರಿಶೂಲ್, ಡಾನ್, ಕಾಲಾ ಪತ್ಥರ್, ಶಕ್ತಿ, ಅಗ್ನಿಪಥ್ ಎಲ್ಲದರಲ್ಲೂ ಅವನು ವಿಜಯ್. ಮುಂದೆ ಸಲ್ಮಾನ್ ಬಂದು ಪ್ರೇಮ್ ಆದ, ಶಾರುಖ್ ರಾಜ್ ಆದ, ರಾಜ್ ಆಗದ ದಿನ ರಾಹುಲ್ ಆದ. ಕಥೆಗಾರನಿಗೆ ಸಿಗುವ ಸಂಭಾವನೆಯಲ್ಲಿ ನಾಮಕರಣ ಸೇರಿಲ್ಲ ಅಂತ ಕಾಣುತ್ತದೆ.

ಇಷ್ಟೆಲ್ಲ ಹೇಳಿಯೂ ಹಳೆಯ ಕಳ್ಳರ ಬಗ್ಗೆ ನನಗೊಂದು ಗೌರವವಿದೆ. 'ಶೋಲೆ'ಯನ್ನೇ ತೆಗೆದುಕೊಳ್ಳಿ, ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ಚಿತ್ರ, ನಾವು ಸಾಕ್ಷಿ ಹೇಳಬಹುದು. ಹಳ್ಳಿ ಕಾಯಲು ಬಾಡಿಗೆ ಬಂಟರನ್ನು ಕರೆಸುವುದು ಕುರೊಸಾವಾ ಅವರ 'ಸೆವೆನ್ ಸಮುರಾಯ್'ದು, ಅದನ್ನು ಅಮೆರಿಕದವರು 'ದ ಮ್ಯಾಗ್ನಿಫಿಸೆಂಟ್ ಸೆವೆನ್' ಮಾಡಿಕೊಂಡಿದ್ದರು. ಠಾಕೂರನ ಮನೆಯವರನ್ನು ಕೊಲ್ಲುವ ದೃಶ್ಯದಲ್ಲಿ ಇಟಲಿಯ ಸರ್ಜಿಯೊ ಲಿಯೊನೆ ಕಾಣುತ್ತಾರೆ. 'ಮೆಹಬೂಬಾ' ಹಾಡಿನ ಧಾಟಿ ಡೆಮಿಸ್ ರೂಸೊಸ್ ಅವರದು. ಜಪಾನು, ಅಮೆರಿಕ, ಇಟಲಿ, ಗ್ರೀಸು ಸೇರಿ ಗುಡ್ಡ ಹತ್ತಿದವು. ಆದರೆ ಬಸಂತಿಯ ಮಾವಸಿಯ ಹತ್ತಿರ ಹೋಗಿ ಗೆಳೆಯನಿಗೆ ಹೆಣ್ಣು ಕೇಳುವ ಜೈ, ಅವನ ಒಂದೊಂದು ದುಶ್ಚಟವನ್ನೂ ಗುಣವೆಂಬಂತೆ ಬಣ್ಣಿಸುವ ಆ ಮಾತುಕತೆ ಕುರೊಸಾವಾನಲ್ಲಿ ಎಲ್ಲಿದೆ? ಸೂರ್ಮಾ ಭೋಪಾಲಿ ಯಾವ ಪಶ್ಚಿಮದಿಂದ ಬಂದ? ಆ ಗಬ್ಬರನ ಭಾಷೆ ಯಾವ ಇಂಗ್ಲಿಷ್ ಡಾಕುವಿಗೆ ಬರುತ್ತದೆ? ಇದನ್ನು ಬರೆದ ಸಲೀಂ-ಜಾವೇದ್ ಕದ್ದ ಚಿನ್ನವನ್ನು ಕರಗಿಸುತ್ತಿದ್ದರು. ಹೊಸ ಒಡವೆ ಮಾಡುತ್ತಿದ್ದರು. ಹಳೆಯ ಒಡತಿ ಬಂದರೂ ಗುರುತು ಸಿಗುತ್ತಿರಲಿಲ್ಲ.

ಕಥೆ ಮರುಕಳಿಸುವುದೇ ತಪ್ಪು ಎನ್ನುವ ಧೈರ್ಯ ಕನ್ನಡದವರಾದ ನಮಗಂತೂ ಇರಬಾರದು. ರಾಮಾಯಣ ಬರೆದ ಕವಿಗಳ ಭಾರಕ್ಕೆ ಆದಿಶೇಷ ತಿಣುಕುತ್ತಿದ್ದಾನೆ ಎಂದು ಗದುಗಿನ ನಾರಣಪ್ಪ ಗೇಲಿ ಮಾಡಿದ. ಮಾಡಿ, ತಾನು ಕೈಗೆತ್ತಿಕೊಂಡದ್ದು ಹೊಸ ಕಥೆಯನ್ನೇನಲ್ಲ, ಪಂಪ ರನ್ನರು ಆಗಲೇ ಹೇಳಿದ್ದ ಭಾರತವನ್ನು. ಪಂಪನಿಗೆ ಅರ್ಜುನ ಬೇಕಾಗಿದ್ದ, ರನ್ನನಿಗೆ ಒಂದು ಗದೆಯ ಕಾಳಗ ಸಾಕಾಗಿತ್ತು, ನಾರಣಪ್ಪನಿಗೆ ಕೃಷ್ಣ. ಮೂವರಿಗೂ ಅದೇ ಕಥೆಯನ್ನು ಮತ್ತೆ ಹೇಳಲು ಒಂದೊಂದು ಜರೂರು ಇತ್ತು. 'ಶೋಲೆ' ಕಾಲದವರಿಗೂ ಇತ್ತು. ಈಗಿನವರಿಗೆ ಇರುವ ಜರೂರು ಒಂದೇ: ಶುಕ್ರವಾರ.

ಗಾಂಧಿನಗರದವರು ಇಲ್ಲಿ ನಗುವ ಹಾಗಿಲ್ಲ. ರೀಮೇಕ್ ವ್ಯಾಪಾರದಲ್ಲಿ ನಾವು ಎರಡೂ ಕಡೆ ಅಂಗಡಿ ಇಟ್ಟವರು. ರಾಜ್‌ಕುಮಾರ್ ತ್ರಿಪಾತ್ರದ 'ಶಂಕರ್ ಗುರು' 1983ರಲ್ಲಿ ಅಮಿತಾಭ್‌ಗೆ 'ಮಹಾನ್' ಆಯಿತು, 'ಅನುರಾಗ ಅರಳಿತು' ತೆಲುಗು, ತಮಿಳು ಸುತ್ತಿ 1994ರಲ್ಲಿ 'ಲಾಡ್ಲಾ' ಆಯಿತು. 'ನಾಗರಹಾವು' ಕಥೆಯನ್ನು ಪುಟ್ಟಣ್ಣನವರೇ ಹಿಂದಿಗೆ ಒಯ್ದರು: 'ಜಹರೀಲಾ ಇನ್ಸಾನ್', ರಾಮಾಚಾರಿಯ ಜಾಗದಲ್ಲಿ ರಿಷಿ ಕಪೂರ್. ಚಿತ್ರದುರ್ಗದ ಕೋಟೆ ಸುಮ್ಮನೆ ನೋಡುತ್ತಿತ್ತು. ಅಲ್ಲಿಂದ ಇಲ್ಲಿಗೆ ಬಂದವುಗಳ ಪಟ್ಟಿ ಮಾಡಲು ಈ ಪುಟ ಸಾಲದು, ಸಂಪಾದಕರೂ ಒಪ್ಪುವುದಿಲ್ಲ.

ಆದರೂ ನಾಗವಲ್ಲಿಯ ವಿಷಯ ಹೇಳಲೇಬೇಕು. 1993ರ ಮಲಯಾಳಂನ 'ಮಣಿಚಿತ್ರತಾಳ್' ನಮ್ಮಲ್ಲಿ 2004ರಲ್ಲಿ 'ಆಪ್ತಮಿತ್ರ' ಆಯಿತು, ತಮಿಳಿನಲ್ಲಿ 'ಚಂದ್ರಮುಖಿ', 2007ರಲ್ಲಿ ಹಿಂದಿಯ 'ಭೂಲ್ ಭುಲೈಯಾ'. ನಾಗವಲ್ಲಿ ಮಂಜುಳಿಕಾ ಆದಳು. ಇಷ್ಟೂ ಚಿತ್ರಗಳ ಪಂಚಪ್ರಾಣ ಒಂದೇ ಮಾತು: ದೆವ್ವ ಇಲ್ಲ, ಇರುವುದು ಮನಸ್ಸಿನ ಕಾಯಿಲೆ. ಮಾಂತ್ರಿಕನಲ್ಲ, ಮನೋವೈದ್ಯ ಬೇಕು. ಹಿಂದಿಯವರು ಅದನ್ನು ಚೆನ್ನಾಗಿಯೇ ತೋರಿಸಿದರು, ದುಡ್ಡೂ ಬಂತು. ದುಡ್ಡು ಬಂದ ಮೇಲೆ ಎರಡನೆಯ ಭಾಗ ಬೇಡವೆ? ಮನೋರೋಗಿ ಗುಣವಾಗಿ ಹೋಗಿದ್ದಾಳೆ, ಎರಡನೆಯ ಭಾಗಕ್ಕೆ ಯಾರಿದ್ದಾರೆ? ಹಾಗಾಗಿ 2022ರಲ್ಲಿ ದೆವ್ವ ನಿಜವಾಗಿಯೇ ಬಂತು. ದೆವ್ವವಿಲ್ಲ ಎಂದು ಸಾಧಿಸಿದ ಅದೇ ಹೆಸರಿನ ಚಿತ್ರದಲ್ಲಿ ಸಾಕ್ಷಾತ್ ದೆವ್ವ, ಅದರ ಹಿಂದೆ ಅವಳಿ ಅಕ್ಕತಂಗಿಯರು, ತಬು ದ್ವಿಪಾತ್ರ. 'ರಾಮ್ ಔರ್ ಶ್ಯಾಮ್' ಕಾಲದಿಂದ ಇದ್ದ ಅವಳಿ, ಅದಕ್ಕೂ ಹಿಂದಿನಿಂದ ಇದ್ದ ದೆವ್ವ, ಎರಡೂ ಒಂದೇ ಟಿಕೆಟ್ಟಿಗೆ. 2024ರಲ್ಲಿ ಮೂರನೆಯ ಭಾಗವೂ ಬಂದು ಗೆದ್ದಿತು. ವಿಚಾರವಾದಕ್ಕೆ ಸೀಕ್ವೆಲ್ ಇಲ್ಲ ಎಂದು ಇದರಿಂದ ತಿಳಿದುಬರುತ್ತದೆ.

ಈಗ ಎರಡನ್ನೂ ನೋಡಿದವನು ಮನೆಮನೆಯಲ್ಲಿದ್ದಾನೆ. ಗೋರಖ್‌ಪುರದವನ ಮೊಬೈಲಿನಲ್ಲೇ ಕೊರಿಯಾದ ಮೂಲ ಇದೆ, ಮಲಯಾಳದ ಮೂಲ ಇದೆ, ಕೆಳಗೆ ಹಿಂದಿ ಅಕ್ಷರವೂ ಇದೆ. ಟ್ರೇಲರ್ ಬಂದ ಸಂಜೆಯೇ ಅವನು ಊರು ಹೆಸರು ಸಮೇತ ಹಿಡಿದುಹಾಕುತ್ತಾನೆ. ಹಾಲಿವುಡ್‌ನವರಿಗೂ ಭಾರತದಲ್ಲಿ ವಕೀಲರು ಸಿಕ್ಕಿದ್ದಾರೆ. 2009ರಲ್ಲಿ ಟ್ವೆಂಟಿಯತ್ ಸೆಂಚುರಿ ಫಾಕ್ಸ್, 'ಮೈ ಕಸಿನ್ ವಿನ್ನಿ' ನಮ್ಮದು ಅಂತ ಬಿ.ಆರ್. ಫಿಲ್ಮ್ಸ್ ಮೇಲೆ ದಾವೆ ಹೂಡಿ, ರಾಜಿಯಲ್ಲಿ ಹಣ ವಸೂಲು ಮಾಡಿತು. ಅಲ್ಲಿಂದ ಕದಿಯುವುದಕ್ಕಿಂತ ಕೊಳ್ಳುವುದೇ ಅಗ್ಗ ಎಂದಾಯಿತು. ಪ್ರಾಮಾಣಿಕತೆಗೆ ಸಿಕ್ಕ ಪ್ರತಿಫಲವನ್ನೂ ನೋಡಿ: ಒಂದು ಕಾಲಕ್ಕೆ 'ಮನ್', 'ಅಕೇಲೆ ಹಮ್ ಅಕೇಲೆ ತುಮ್', 'ಗುಲಾಮ್'ಗಳಲ್ಲಿ ಯಾವ ಹಾಲಿವುಡ್ ಋಣವನ್ನೂ ಪರದೆಯ ಮೇಲೆ ನಮೂದಿಸದೆ ನಟಿಸಿದ ಆಮೀರ್ ಖಾನ್, ಕೊನೆಗೆ ನ್ಯಾಯವಾಗಿ, ವರ್ಷಗಟ್ಟಲೆ ಕಾದು 'ಫಾರೆಸ್ಟ್ ಗಂಪ್' ಹಕ್ಕು ತಂದು 'ಲಾಲ್ ಸಿಂಗ್ ಚಡ್ಡಾ' ತೆಗೆದರು. 2022ರಲ್ಲಿ ಅದು ಮಕಾಡೆ ಮಲಗಿತು.

ಹೊರಗಿನದು ದುಬಾರಿ, ಆದ್ದರಿಂದ ಈಗ ಕಳ್ಳತನ ಸ್ವಂತ ಮನೆಯಲ್ಲೇ. 'ಡಾನ್' ಮತ್ತೆ, 'ಅಗ್ನಿಪಥ್' ಮತ್ತೆ, 'ಜಂಜೀರ್' ಮತ್ತೆ, 'ಕೂಲಿ ನಂ. 1' ಮತ್ತೆ, 'ಜುಡ್ವಾ' ಮತ್ತೆ. ರಾಮ್‌ಗೋಪಾಲ್ ವರ್ಮಾ 'ಶೋಲೆ'ಯನ್ನೇ 'ಆಗ್' ಮಾಡಿದರು; ದಿಲ್ಲಿ ಹೈಕೋರ್ಟು 2015ರಲ್ಲಿ 10 ಲಕ್ಷ ರೂಪಾಯಿ ಪರಿಹಾರ ಕೊಡಿ ಎಂದಿತು. ನೋಡಿದವರಿಗೆ ಅಲ್ಲ, 'ಶೋಲೆ'ಯ ಹಕ್ಕುದಾರರಿಗೆ. ಯಶ್ ರಾಜ್‌ನ ಗೂಢಚಾರ ಚಿತ್ರಗಳಲ್ಲಿ 2012ರ ಟೈಗರ್ ಪ್ರೀತಿಸಿದ್ದು ಪಾಕಿಸ್ತಾನದ ಐಎಸ್‌ಐ ಏಜೆಂಟಳನ್ನು. 2023ರ ಪಠಾಣ್‌ಗೂ ಸಿಕ್ಕಿದ್ದು ಐಎಸ್‌ಐಯಿಂದಲೇ ಬಂದವಳು. ದೇಶದ ಭದ್ರತೆಯ ದೃಷ್ಟಿಯಿಂದ ಈ ಹುಡುಗರಿಗೆ ಇಲ್ಲೇ ಒಂದೊಂದು ಹೆಣ್ಣು ಗೊತ್ತು ಮಾಡುವುದು ಒಳ್ಳೆಯದು. ಇನ್ನು 2025ರ 'ಹೌಸ್‌ಫುಲ್ 5' ಎರಡು ಬಗೆಯಾಗಿ ಬಂತು, 5ಎ ಮತ್ತು 5ಬಿ. ಚಿತ್ರ ಒಂದೇ, ಕೊಲೆಗಾರ ಮಾತ್ರ ಬೇರೆ. ಕೊಲೆ ಮಾಡಿದ್ದು ಯಾರು ಎಂಬುದು ಕಥೆಗೇ ಮುಖ್ಯವಲ್ಲ ಎಂದು ನಿರ್ಮಾಪಕರೇ ಒಪ್ಪಿಕೊಂಡ ಮೇಲೆ ವಿಮರ್ಶೆಗೆ ಏನು ಉಳಿಯಿತು?

ಹಳೆಯದನ್ನು ಮತ್ತೆ ತೆಗೆಯುವ ಶ್ರಮವೂ ಯಾಕೆ ಎಂಬ ಜ್ಞಾನೋದಯ ಈಚೆಗೆ ಆಗಿದೆ. ಸುಮ್ಮನೆ ಹಳೆಯದನ್ನೇ ಹಾಕಿದರಾಯಿತು. 2018ರ 'ತುಂಬಾಡ್' 2024ರಲ್ಲಿ ಮರುಬಿಡುಗಡೆಯಾಗಿ ಮೊದಲ ಸಲಕ್ಕಿಂತ ಹೆಚ್ಚು ಗಳಿಸಿತು. 2016ರಲ್ಲಿ ಯಾರೂ ತಿರುಗಿ ನೋಡದಿದ್ದ 'ಸನಮ್ ತೇರಿ ಕಸಮ್' 2025ರಲ್ಲಿ ಗೆದ್ದಿತು. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು, ಧನುಷ್ ನಾಯಕನಾದ 2013ರ 'ರಾಂಝಣಾ'ದ ತಮಿಳು ರೂಪ 'ಅಂಬಿಕಾಪತಿ'ಯನ್ನು 2025ರ ಆಗಸ್ಟ್‌ನಲ್ಲಿ ಮತ್ತೆ ತೆರೆಗೆ ತಂದರು. ಮೂಲದಲ್ಲಿ ಸಾಯುವ ನಾಯಕನನ್ನು ಕೃತಕ ಬುದ್ಧಿಮತ್ತೆಯಿಂದ ಎಬ್ಬಿಸಿ ಕೂರಿಸಿದ್ದರು. ನಿರ್ದೇಶಕ ಆನಂದ್ ಎಲ್. ರೈ ಕೂಗಿದರು, ಧನುಷ್ ಕೂಗಿದರು. ಚಿತ್ರದ ಹಕ್ಕು ಕಂಪನಿಯದು. ಸತ್ತವನು ಎದ್ದೇ ಕೂತ. ಇದೇ ಕೆಲಸವನ್ನು ಹಿಂದೆಲ್ಲ ದೇವಸ್ಥಾನದ ಗಂಟೆ ಹೊಡೆದು, ತಾಯಿಯ ಕಣ್ಣೀರು ಹರಿಸಿ ಮಾಡಿಸುತ್ತಿದ್ದರು. ಅಲ್ಲಿ ಗಂಟೆ ಹೊಡೆಯುವವನಿಗೂ ಸಂಬಳ ಸಿಗುತ್ತಿತ್ತು.

ಅದೇ 2025ರ ಜೂನ್‌ನಲ್ಲಿ ಇಟಲಿಯ ಬೊಲೊನ್ಯದಲ್ಲಿ 'ಶೋಲೆ'ಯ ದುರಸ್ತಿಯಾದ ಪ್ರತಿ ತೆರೆ ಕಂಡಿತು. ತುರ್ತುಪರಿಸ್ಥಿತಿಯ ಸೆನ್ಸಾರಿನವರು ಒಪ್ಪದೆ ಬದಲಾಯಿಸಿದ್ದ ಅಂತ್ಯ ಅದರಲ್ಲಿ ಮರಳಿ ಬಂದಿದೆ: ಠಾಕೂರ್ ಗಬ್ಬರನನ್ನು ಪೊಲೀಸರಿಗೆ ಒಪ್ಪಿಸುವುದಿಲ್ಲ, ಮೊಳೆ ಬಡಿದ ಬೂಟುಗಾಲಿನಲ್ಲಿ ತುಳಿದು ಕೊಲ್ಲುತ್ತಾನೆ. ಹಿಂದಿ ಚಿತ್ರರಂಗ ಆ ವರ್ಷ ದೊಡ್ಡ ತೆರೆಗೆ ಕೊಟ್ಟ ಹೊಚ್ಚ ಹೊಸ ಕ್ಲೈಮ್ಯಾಕ್ಸ್ ಅದು. ಅದನ್ನು ರಾಮನಗರದಲ್ಲಿ ಚಿತ್ರೀಕರಿಸಿ 50 ವರ್ಷವಾಗಿತ್ತು.